ನೆನಪಿಡುವ ಕಬ್ಬಿಣ

ಕುಂದಾಪುರದಿಂದ ಉಡುಪಿಯ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಕೋಟೇಶ್ವರವನ್ನು ದಾಟಿದ ಮೇಲೆ ಕುಂಭಾಶಿ ಎದುರಾಗುತ್ತದೆ. ಆನೆಗುಡ್ಡೆಯ ವಿನಾಯಕನ ಸನ್ನಿಧಿಯಿಂದಾಗಿ ಈ ಗ್ರಾಮದ ಹೆಸರು ನಾಡಿಗೆಲ್ಲ ಪರಿಚಿತ. ಪಶ್ಚಿಮಕ್ಕೆ ಸಮೀಪದಲ್ಲಿಯೇ ಅರಬ್ಬೀ ಸಮುದ್ರ. ಇಂತಹ ಊರುಗಳಲ್ಲಿ ಕಬ್ಬಿಣವು ಹಲವು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮನೆ ಕಟ್ಟುವ ಮುರಕಲ್ಲಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಕಡಲತೀರದ ಮರಳಿನಲ್ಲಿ ಅಲ್ಲಲ್ಲಿ ತೋರುವ ಕಪ್ಪು ಗೆರೆಗಳ ಬಳಿ ಅಯಸ್ಕಾಂತವನ್ನು ಹಿಡಿದರೆ ಕೆಲವು ಕಣಗಳು ಗಡ್ಡದಂತೆ ಅದಕ್ಕೆ ಅಂಟಿಕೊಳ್ಳುತ್ತವೆ. ಇನ್ನು ಉಪ್ಪುಗಾಳಿಗೆ ಮೈಯೊಡ್ಡಿದ ಕಿಟಕಿಯ ಸರಳುಗಳು ನಾಲ್ಕಾರು ಮಳೆಗಾಲಗಳಲ್ಲಿಯೇ ತುಕ್ಕು ಹಿಡಿದು ಸವೆಯುವುದು ಕರಾವಳಿಯ ಗೃಹಸ್ಥರಿಗೆಲ್ಲ ತಿಳಿದ ಸಂಗತಿ. ಅಯಸ್ಕಾಂತಕ್ಕೆ ಅಂಟುವ ಲೋಹ ಮತ್ತು ತುಕ್ಕಿನಂತಹ ಆಕ್ಸೈಡಿನ ಪದರ, ಇವೆರಡನ್ನೂ ಜೊತೆಗೂಡಿಸಿ ಮನುಷ್ಯನು ಈಚೆಗೆ ಒಂದು ಬಗೆಯ ನೆನಪಿನ ಯಂತ್ರವನ್ನು ರಚಿಸಿದ್ದಾನೆ.

ಆಷಾಢದ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ಹೊರಗೆ ಬಿರುಮಳೆ. ಕಚೇರಿಯೊಂದರಲ್ಲಿ ಗುಮಾಸ್ತನು ಗಣಕಯಂತ್ರದ ಮುಂದೆ ಕುಳಿತು ಬೆಳಗಿನಿಂದಲೂ ಲೆಕ್ಕವನ್ನು ದಾಖಲಿಸುತ್ತಿದ್ದಾನೆ. ಎಲ್ಲಿಯೋ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಲ್ಲುತ್ತದೆ. ಮತ್ತೆ ದೀಪ ಬಂದಾಗ, ತಟ್ಟೆಗೆ ಉಳಿಸಿಟ್ಟಿದ್ದ ಭಾಗ ಮಾತ್ರ ಅಲ್ಲಿರುತ್ತದೆ, ಉಳಿದುದೆಲ್ಲ ಇಲ್ಲವಾಗಿರುತ್ತದೆ. ಕಾಗದದ ಮೇಲೆ ಬರೆದ ಅಕ್ಷರ ದೀಪ ಆರಿದರೆ ಅಳಿಸಿಹೋಗುವುದಿಲ್ಲ. ಯಂತ್ರದ ಅಕ್ಷರ ಮಾತ್ರ ಏಕೆ ಅಳಿಯಬೇಕು?

ಗಣಕಯಂತ್ರವು ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದಿಡುತ್ತದೆ. ಅದು ಕೆಲಸದ ನಡುವೆ ಬಳಸುವ ಸಾಮಾನ್ಯ ಸ್ಮೃತಿಕೋಶದಲ್ಲಿ ಈ ಅಂಕಿಗಳು ವಿದ್ಯುದಾವೇಶದ ರೂಪದಲ್ಲಿರುತ್ತವೆ. ಕೋಟಿಗಟ್ಟಲೆ ಅತಿಸೂಕ್ಷ್ಮ ಕೊಡಗಳನ್ನು ಸಾಲಾಗಿ ಇಟ್ಟಂತೆ ಎನ್ನಬಹುದು. ಕೊಡದಲ್ಲಿ ನೀರಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಈ ಕೊಡಗಳೆಲ್ಲವೂ ಸೋರುವ ಕೊಡಗಳು. ಆದುದರಿಂದ ಪ್ರತಿ 64 ಮಿಲಿಸೆಕೆಂಡುಗಳೊಳಗೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚಾಗಿ, ಪ್ರತಿಯೊಂದು ಕೊಡವನ್ನೂ ನೋಡಿ ನೀರಿದ್ದುದನ್ನು ಮತ್ತೆ ತುಂಬಬೇಕಾಗುತ್ತದೆ. ಏನೂ ಕೆಲಸ ನಡೆಯದೆ ಯಂತ್ರವು ಸುಮ್ಮನಿರುವಾಗಲೂ ಈ ನೀರು ತುಂಬುವ ಚಾಕರಿ ನಡೆದೇ ಇರುತ್ತದೆ, ಅದಕ್ಕೆ ವಿದ್ಯುತ್ತು ವ್ಯಯವಾಗುತ್ತಲೇ ಇರುತ್ತದೆ. ವಿದ್ಯುತ್ತು ನಿಂತರೆ ತುಂಬುವವರಿಲ್ಲ, ಕೊಡಗಳೆಲ್ಲ ಬರಿದು.

ವಿಚಿತ್ರವೆಂದರೆ ಹಳೆಯ ಗಣಕಯಂತ್ರಗಳಿಗೆ ಈ ದೋಷವಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್ ಎಂಬ ಗಣಕಯಂತ್ರದ ಸ್ಮೃತಿಕೋಶವು ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಉಂಗುರಗಳಿಂದ ಆಗಿದ್ದಿತು. 40 ಅಂಕಿಗಳ 2048 ಪದಗಳನ್ನು ಅದು ಹಿಡಿದಿಡಬಲ್ಲುದಾಗಿತ್ತು. ಒಂದು ಅಂಕಿಗೆ ಒಂದು ಉಂಗುರದಂತೆ ಎಂಬತ್ತು ಸಾವಿರಕ್ಕೂ ಮಿಕ್ಕ ಉಂಗುರಗಳಾದವು. ಅವುಗಳನ್ನು ಮಣಿಸರದಂತೆ ತಂತಿಗಳಲ್ಲಿ ಪೋಣಿಸಬೇಕಾಗಿದ್ದಿತು. ಉಂಗುರವು ಒಂದು ದಿಕ್ಕಿಗೆ ಕಾಂತೀಕರಣಗೊಂಡರೆ ಸೊನ್ನೆ, ಎದುರು ದಿಕ್ಕಿಗೆ ಒಂದು. ವಿದ್ಯುತ್ತು ನಿಂತರೂ ಕಾಂತತ್ವ ಅಳಿಯದು. ಆದರೆ ಉಂಗುರವನ್ನು ಓದುವ ಕ್ರಿಯೆಯೇ ಅದರಲ್ಲಿದ್ದುದನ್ನು ಅಳಿಸಿಬಿಡುತ್ತಿತ್ತು. ಓದಿದೊಡನೆ ಪುನಃ ಬರೆಯಬೇಕಾಗುತ್ತಿತ್ತು. 1970ರ ದಶಕದಲ್ಲಿ ಸಿಲಿಕಾನ್ ಬಿಲ್ಲೆಗಳು ಬಂದು, ಅಗ್ಗವಾಗಿ, ಕಿರಿದಾಗಿ, ವೇಗವಾಗಿ ಕೆಲಸಮಾಡತೊಡಗಿದ ಮೇಲೆ ಉಂಗುರಗಳು ಹಿಂದೆ ಸರಿದವು. ವೇಗವು ದೊರೆಯಿತು, ಸ್ಥಿರತೆ ಹೋಯಿತು. ಎರಡನ್ನೂ ಒಟ್ಟಿಗೆ ಪಡೆಯುವ ಪ್ರಯತ್ನದಿಂದ ಹುಟ್ಟಿದುದೇ ಕಾಂತೀಯ ಸುರಂಗ ಸಂಧಿ.

ಇದರ ರಚನೆ ಸರಳವಾದುದು. ಕಬ್ಬಿಣ, ಕೋಬಾಲ್ಟ್ ಮೊದಲಾದ ಕಾಂತೀಯ ಲೋಹಗಳ ಎರಡು ತೆಳುಪದರಗಳು. ಅವುಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ಆಕ್ಸೈಡಿನ ಇನ್ನೊಂದು ಪದರ. ಈ ನಡುವಣ ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಎಂದರೆ ನಾವು ಬರೆಯುವ ಕಾಗದದ ದಪ್ಪದ ಲಕ್ಷದಲ್ಲಿ ಒಂದು ಪಾಲು. ನಾಲ್ಕೈದು ಪರಮಾಣುಗಳನ್ನು ಒಂದರ ಮೇಲೊಂದು ಇಟ್ಟರೆ ಅಷ್ಟಾಗುತ್ತದೆ. ಇಷ್ಟು ತೆಳುವಾದ ತಡೆಯನ್ನು ಇಲೆಕ್ಟ್ರಾನುಗಳು ದಾಟಿಬಿಡುತ್ತವೆ. ಇಲೆಕ್ಟ್ರಾನಿಗೆ ಅಲೆಯ ಸ್ವಭಾವವೂ ಇರುವುದರಿಂದ ತಡೆಯ ಆಚೆಯ ಬದಿಯಲ್ಲಿಯೂ ಅದು ಕಾಣಿಸಿಕೊಳ್ಳುವ ಸಂಭವ ಸ್ವಲ್ಪ ಉಳಿದಿರುತ್ತದೆ. ತಡೆಯು ದಪ್ಪವಾದಂತೆ ಈ ಸಂಭವ ಅತ್ಯಂತ ಶೀಘ್ರವಾಗಿ ಕುಗ್ಗುತ್ತದೆ. ವಿಜ್ಞಾನಿಗಳು ಇದಕ್ಕೆ ಸುರಂಗಗಮನ ಎಂದು ಹೆಸರಿಟ್ಟಿದ್ದಾರೆ. ಕಾಸರಗೋಡು, ದಕ್ಷಿಣ ಕನ್ನಡಗಳ ಕೃಷಿಕರು ನೀರಿಗಾಗಿ ಗುಡ್ಡದ ಮುರಕಲ್ಲನ್ನು ಅಡ್ಡವಾಗಿ ಕೊರೆದು ಸುರಂಗ ತೋಡುವುದುಂಟು. ಆ ಸುರಂಗಕ್ಕೆ ಬಾಯಿ ಇದೆ, ಮಣ್ಣು ಹೊರಗೆ ಬೀಳುತ್ತದೆ. ಇಲೆಕ್ಟ್ರಾನಾದರೋ ಏನನ್ನೂ ಕೊರೆಯುವುದಿಲ್ಲ. ಅದು ಹಾದುಹೋದ ಮೇಲೆ ತಡೆಯು ಮೊದಲಿನಂತೆಯೇ ಅಖಂಡವಾಗಿರುತ್ತದೆ. ಹೆಸರು ಚೆನ್ನಾಗಿದೆ, ಆದರೆ ಅದನ್ನು ಅಕ್ಷರಶಃ ನಂಬಿದವನು ದಾರಿ ತಪ್ಪುತ್ತಾನೆ.

ಇನ್ನು ಕಾಂತತ್ವದ ಪಾತ್ರವೇನು? ಪ್ರತಿಯೊಂದು ಇಲೆಕ್ಟ್ರಾನೂ ಒಂದು ಅತಿಸೂಕ್ಷ್ಮ ಅಯಸ್ಕಾಂತ. ಸ್ಪಿನ್ ಎಂಬ ಗುಣದಿಂದಾಗಿ ಅದು ಎರಡು ದಿಕ್ಕುಗಳಲ್ಲಿ ಒಂದನ್ನು ತೋರುತ್ತದೆ. ಮೇಲ್ಮುಖ, ಕೆಳಮುಖ ಎಂದು ಕರೆಯೋಣ. ತಾಮ್ರದಲ್ಲಿ ಎರಡೂ ಬಗೆಯವು ಸಮಸಂಖ್ಯೆಯಲ್ಲಿರುತ್ತವೆ. ಕಬ್ಬಿಣದಂತಹ ಕಾಂತೀಯ ಲೋಹದಲ್ಲಿ ಒಂದು ಬಗೆಗೆ ಬಹುಮತ. ದಾಟುವಾಗ ಇಲೆಕ್ಟ್ರಾನು ತನ್ನ ಮುಖವನ್ನು ಬದಲಿಸುವುದಿಲ್ಲ. ಆಚೆಯ ದಡದಲ್ಲಿ ತನ್ನ ಬಗೆಗೆ ಮೀಸಲಾದ ಸ್ಥಾನ ದೊರೆತರೆ ಮಾತ್ರ ದಾಟುತ್ತದೆ. ಒಂದು ಲೆಕ್ಕವನ್ನು ನೋಡಬಹುದು. ಈಚೆಯ ದಡದಲ್ಲಿ ನೂರಕ್ಕೆ 70 ಮೇಲ್ಮುಖ, 30 ಕೆಳಮುಖ ಇಲೆಕ್ಟ್ರಾನುಗಳಿವೆ ಎನ್ನೋಣ. ಆಚೆಯ ಪದರವೂ ಅದೇ ದಿಕ್ಕಿಗೆ ಕಾಂತೀಕರಣಗೊಂಡಿದ್ದರೆ ಸ್ಥಾನಗಳೂ 70 ಮತ್ತು 30. ದಾಟುವ ಅವಕಾಶವು ಪ್ರಯಾಣಿಕರ ಮತ್ತು ಸ್ಥಾನಗಳ ಗುಣಲಬ್ಧಕ್ಕೆ ಅನುಗುಣವಾಗಿರುವುದರಿಂದ, 70ನ್ನು 70ರಿಂದ ಗುಣಿಸಿ 4900, 30ನ್ನು 30ರಿಂದ ಗುಣಿಸಿ 900, ಒಟ್ಟು 5800. ಆಚೆಯ ಪದರದ ದಿಕ್ಕನ್ನು ತಿರುಗಿಸಿದರೆ ಬಹುಮತದವರಿಗೆ ಅಲ್ಪಸಂಖ್ಯೆಯ ಸ್ಥಾನಗಳು ಎದುರಾಗುತ್ತವೆ. 70 ಗುಣಿಸು 30 ಎಂದರೆ 2100, ಅದು ಎರಡು ಸಲ ಸೇರಿ 4200. ಹೀಗೆ ಪದರಗಳು ಒಂದೇ ಮುಖವಾಗಿದ್ದಾಗ ಹರಿಯುವ ವಿದ್ಯುತ್ತು, ವಿಮುಖವಾಗಿದ್ದಾಗ ಹರಿಯುವುದಕ್ಕಿಂತ ಶೇಕಡಾ 38ರಷ್ಟು ಹೆಚ್ಚು. ಒಂದು ಪದರದ ದಿಕ್ಕನ್ನು ಭದ್ರವಾಗಿ ನಿಲ್ಲಿಸಿ, ಇನ್ನೊಂದನ್ನು ತಿರುಗಲು ಬಿಟ್ಟರೆ ಸೊನ್ನೆಯನ್ನೂ ಒಂದನ್ನೂ ಬರೆದಂತಾಯಿತು. ಅಲ್ಪ ವಿದ್ಯುತ್ತನ್ನು ಹರಿಸಿ ಸಂಧಿಯ ರೋಧವನ್ನು ಅಳೆದರೆ ಓದಿದಂತಾಯಿತು. ಓದಿದುದರಿಂದ ಅಳಿಯುವುದಿಲ್ಲ, ದೀಪ ಹೋದರೂ ಅಳಿಯುವುದಿಲ್ಲ.

ಈ ಲೆಕ್ಕವನ್ನು ಮೊದಲು ಹಾಕಿದವನು ಫ್ರಾನ್ಸಿನ ಮಿಶೆಲ್ ಜೂಲಿಯೇರ್. 1975ರಲ್ಲಿ ಆತನು ಕಬ್ಬಿಣ ಮತ್ತು ಕೋಬಾಲ್ಟುಗಳ ನಡುವೆ ಜರ್ಮೇನಿಯಮ್ ಪದರವನ್ನಿಟ್ಟು ಶೇಕಡಾ 14ರಷ್ಟು ವ್ಯತ್ಯಾಸವನ್ನು ಕಂಡನು. ಆದರೆ ಅದು ದ್ರವ ಹೀಲಿಯಮ್ಮಿನ ಶೈತ್ಯದಲ್ಲಿ, ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೊಠಡಿಯ ಉಷ್ಣತೆಯಲ್ಲಿ ಇದೇ ಪರಿಣಾಮವನ್ನು ಸ್ಪಷ್ಟವಾಗಿ ಪಡೆಯಲು ಇಪ್ಪತ್ತು ವರ್ಷಗಳು ಬೇಕಾದವು. ಸಿದ್ಧಾಂತದ ಕೊರತೆಗಿಂತ ಕೈಗೆಲಸದ ಕಷ್ಟವೇ ಇದಕ್ಕೆ ಮುಖ್ಯ ಕಾರಣ. ಒಂದು ನ್ಯಾನೊಮೀಟರ್ ಪದರವನ್ನು ಎಲ್ಲಿಯೂ ತೂತು ಬೀಳದಂತೆ, ಎಲ್ಲಿಯೂ ಉಬ್ಬದಂತೆ ಹಾಸುವುದು ಸುಲಭವಲ್ಲ; ಒಂದೇ ಒಂದು ತೂತಿದ್ದರೂ ವಿದ್ಯುತ್ತೆಲ್ಲ ಅದರ ಮೂಲಕವೇ ಹರಿದುಬಿಡುತ್ತದೆ. 1995ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಭಾರತ ಮೂಲದ ಜಗದೀಶ ಮೂಡೇರ ಮತ್ತು ಅವರ ಸಂಗಡಿಗರು ಶೇಕಡಾ 11.8ರ ವ್ಯತ್ಯಾಸವನ್ನೂ, ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ತೆರುನೊಬು ಮಿಯಾಜಾಕಿ ಮತ್ತು ತೆಜುಕಾ ಅವರು ಶೇಕಡಾ 18ರ ವ್ಯತ್ಯಾಸವನ್ನೂ ಕೊಠಡಿಯ ಉಷ್ಣತೆಯಲ್ಲಿಯೇ ತೋರಿಸಿಕೊಟ್ಟರು. ಇಬ್ಬರೂ ಬಳಸಿದುದು ಅಲ್ಯೂಮಿನಿಯಂ ಆಕ್ಸೈಡನ್ನು. ಅಲ್ಯೂಮಿನಿಯಂನ ತೆಳುಪದರವನ್ನು ಹಾಸಿ, ಬೇಕೆಂದೇ ಅದನ್ನು ಆಮ್ಲಜನಕಕ್ಕೆ ಒಡ್ಡುವುದು ಕ್ರಮ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಮೇಲೂ ಇಂತಹ ಪದರವು ತಾನಾಗಿಯೇ ಕವಿದು ಪಾತ್ರೆಯನ್ನು ಕಾಪಾಡುತ್ತದೆ. ಮೂಡೇರ, ಮಿಯಾಜಾಕಿ ಅವರಿಗೂ, 1970ರ ದಶಕದಲ್ಲಿಯೇ ಈ ಮಾರ್ಗವನ್ನು ತೆರೆದಿದ್ದ ಮೆಸರ್ವಿ, ಟೆಡ್ರೊ ಅವರಿಗೂ 2009ರಲ್ಲಿ ಅಮೆರಿಕದ ಭೌತವಿಜ್ಞಾನ ಸಂಘದ ಬಕ್ಲಿ ಪ್ರಶಸ್ತಿ ಸಂದಿತು. 2004ರಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಸ್ಥಾನಕ್ಕೆ ಮೆಗ್ನೀಸಿಯಮ್ ಆಕ್ಸೈಡ್ ಬಂದಿತು. ಹೊಟ್ಟೆಯ ಆಮ್ಲವನ್ನು ಶಮನಗೊಳಿಸಲು ಕೊಡುವ ಈ ಸಾಧಾರಣ ವಸ್ತುವಿನ ಹರಳಿನ ಜೋಡಣೆ ಎಷ್ಟು ಕ್ರಮಬದ್ಧವೆಂದರೆ, ಅದು ಒಂದು ಬಗೆಯ ಇಲೆಕ್ಟ್ರಾನುಗಳನ್ನೇ ಆರಿಸಿ ಸಾಗಹಾಕುತ್ತದೆ. ವ್ಯತ್ಯಾಸವು ಒಮ್ಮೆಗೇ ಶೇಕಡಾ 200ರ ಆಸುಪಾಸಿಗೆ ಏರಿತು.

ಸಂಧಿಯು ನೆನಪಿಡುವುದಷ್ಟೇ ಅಲ್ಲ, ತರ್ಕವನ್ನೂ ಮಾಡಬಲ್ಲುದು. ಬರ್ಲಿನ್ನಿನ ನಾಲ್ವರು ವಿಜ್ಞಾನಿಗಳು 2003ರಲ್ಲಿ ಇದಕ್ಕೊಂದು ಸೊಗಸಾದ ಉಪಾಯವನ್ನು ಸೂಚಿಸಿದರು. ಒಂದು ಭಾರವಾದ ಜಾರುಬಾಗಿಲನ್ನು ಕಲ್ಪಿಸಿಕೊಳ್ಳಿ. ಒಬ್ಬನ ಬಲಕ್ಕೆ ಅದು ಕದಲದು. ಇಬ್ಬರೂ ಒಂದೇ ಕಡೆಗೆ ತಳ್ಳಿದರೆ ಮಾತ್ರ ಸರಿಯುತ್ತದೆ. ಒಬ್ಬನು ತೆರೆಯಲು, ಇನ್ನೊಬ್ಬನು ಮುಚ್ಚಲು ಯತ್ನಿಸಿದರೆ ಬಾಗಿಲು ಇದ್ದಲ್ಲಿಯೇ ನಿಲ್ಲುತ್ತದೆ. ಮೊದಲು ಬಾಗಿಲನ್ನು ಮುಚ್ಚಿಟ್ಟಿದ್ದರೆ, ಅವನೂ ಇವನೂ ಇಬ್ಬರೂ ಒಪ್ಪಿದಾಗ ಮಾತ್ರ ಅದು ತೆರೆಯುತ್ತದೆ. ಮೊದಲೇ ತೆರೆದಿಟ್ಟಿದ್ದರೆ, ಅವನಾಗಲಿ ಇವನಾಗಲಿ ಒಬ್ಬನು ಒಪ್ಪಿದರೂ ತೆರೆದೇ ಉಳಿಯುತ್ತದೆ. ಬಾಗಿಲು ಅದೇ, ತಳ್ಳುವವರು ಅವರೇ. ಆರಂಭದ ಸ್ಥಿತಿಯೊಂದನ್ನು ಬದಲಿಸಿದುದರಿಂದ ‘ಮತ್ತು’ ಎಂಬ ತರ್ಕವು ‘ಅಥವಾ’ ಎಂಬ ತರ್ಕವಾಯಿತು. ಸಂಧಿಯ ತಿರುಗುವ ಪದರವೇ ಈ ಬಾಗಿಲು. ಅದರ ಮೇಲೆ ಹಾಯುವ ಎರಡು ತಂತಿಗಳ ವಿದ್ಯುತ್ತುಗಳೇ ತಳ್ಳುವ ಇಬ್ಬರು. ಭದ್ರವಾಗಿ ನಿಂತ ಪದರವನ್ನೂ ಮೂರನೆಯ ತಂತಿಯ ನೆರವಿನಿಂದ ತಿರುಗಿಸಿಬಿಟ್ಟರೆ ಉತ್ತರಗಳೆಲ್ಲ ತಲೆಕೆಳಗಾಗಿ ಇನ್ನೆರಡು ತರ್ಕಗಳು ದೊರೆಯುತ್ತವೆ. ಒಂದೇ ಅಂಗವು ಅಪ್ಪಣೆಯಾದಂತೆ ನಾಲ್ಕು ವೇಷಗಳನ್ನು ಧರಿಸುತ್ತದೆ. ಯಕ್ಷಗಾನದ ನುರಿತ ಕಲಾವಿದನಂತೆ.

ಇದರ ಪ್ರಯೋಜನವನ್ನು ಇನ್ನೊಂದು ಬಗೆಯಿಂದಲೂ ತಿಳಿಯಬಹುದು. ತಯಾರಾದ ಮೇಲೂ ಬಳಸುವವನು ತನಗೆ ಬೇಕಾದಂತೆ ಮರುರೂಪಿಸಿಕೊಳ್ಳಬಲ್ಲ ಬಿಲ್ಲೆಗಳು ಬಳಕೆಯಲ್ಲಿವೆ. ಅವುಗಳಲ್ಲಿ ಬಹುಪಾಲು ಬಿಲ್ಲೆಗಳು ವಿದ್ಯುತ್ತು ನಿಂತೊಡನೆ ತಮ್ಮ ರೂಪವನ್ನೇ ಮರೆತುಬಿಡುತ್ತವೆ. ಮತ್ತೆ ಚಾಲನೆಗೊಂಡಾಗ ಬೇರೊಂದು ಸ್ಮೃತಿಕೋಶದಿಂದ ಪಾಠವನ್ನು ಮೊದಲಿನಿಂದ ಹೇಳಿಸಿಕೊಳ್ಳಬೇಕು. ಸುರಂಗ ಸಂಧಿಗಳನ್ನು ಅವುಗಳೊಳಗೆ ಹೆಣೆದರೆ ಬಿಲ್ಲೆಯು ಎಚ್ಚೆತ್ತ ಕ್ಷಣವೇ ಕೆಲಸಕ್ಕೆ ತೊಡಗಬಹುದು. ಕೆಲಸವಿಲ್ಲದಾಗ ಸಂಪೂರ್ಣವಾಗಿ ನಿದ್ರಿಸಬಹುದು.

ತೊಡಕುಗಳು ಇಲ್ಲವೆಂದಲ್ಲ. ಮೊದಲಿನ ಸಂಧಿಗಳಲ್ಲಿ ಸಮೀಪದ ತಂತಿಯ ಕಾಂತಕ್ಷೇತ್ರದಿಂದ ಪದರವನ್ನು ತಿರುಗಿಸುತ್ತಿದ್ದರು. ಸಂಧಿಗಳು ಕಿರಿದಾಗಿ ಒತ್ತೊತ್ತಾದಂತೆ ಒಂದಕ್ಕೆ ಬರೆದುದು ಪಕ್ಕದ್ದನ್ನೂ ಕೆಡಿಸುವ ಭಯವಿತ್ತು. 1996ರಲ್ಲಿ ಸ್ಲಾನ್‌ಚೆವ್ಸ್ಕಿ ಮತ್ತು ಬರ್ಜರ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಪರಿಹಾರವನ್ನು ಸೂಚಿಸಿದರು: ಒಂದೇ ಮುಖದ ಇಲೆಕ್ಟ್ರಾನುಗಳನ್ನು ಸಂಧಿಯ ಮೂಲಕವೇ ಹರಿಸಿದರೆ ಅವುಗಳ ನೂಕಿನಿಂದ ಪದರವು ತಿರುಗುತ್ತದೆ. ಆದರೆ ಹೀಗೆ ಬರೆಯಲು ಬೇಕಾದ ವಿದ್ಯುತ್ತು ಅಲ್ಪವಲ್ಲ, ಅದು ತೆಳುವಾದ ಆಕ್ಸೈಡನ್ನು ದಣಿಸುತ್ತದೆ. ಇನ್ನೊಂದು ಇಕ್ಕಟ್ಟು ಶಾಖದ್ದು. ಸಂಧಿಯನ್ನು ತೀರ ಕಿರಿದುಮಾಡಿದರೆ ಪರಮಾಣುಗಳ ಸಹಜ ಕಂಪನವೇ ಪದರವನ್ನು ತಿರುಗಿಸಿ ನೆನಪನ್ನು ಅಳಿಸೀತು. ಹತ್ತು ವರ್ಷ ನೆನಪು ನಿಲ್ಲುವಷ್ಟು ಬಿಗಿಯಾಗಿ ಮಾಡಿದರೆ ಬರೆಯುವುದೂ ಅಷ್ಟೇ ಕಷ್ಟವಾಗುತ್ತದೆ. ಸುಲಭವಾಗಿ ಕಲಿತುದು ಸುಲಭವಾಗಿ ಮರೆಯುವುದು ಲೋಹಕ್ಕೂ ತಪ್ಪಿದ್ದಲ್ಲ.

ಆದರೂ ಸಂಧಿಗಳು ಪ್ರಯೋಗಾಲಯದಿಂದ ಹೊರಬಂದಿವೆ. 2005ರ ಸುಮಾರಿನಿಂದ ಗಣಕಯಂತ್ರದ ಕಾಂತೀಯ ತಟ್ಟೆಯನ್ನು ಓದುವ ಸೂಕ್ಷ್ಮ ಮೊನೆಗಳಲ್ಲಿ ಅವು ಸೇರಿಕೊಂಡವು. 2006ರಲ್ಲಿ ಫ್ರೀಸ್ಕೇಲ್ ಸಂಸ್ಥೆಯು ನಾಲ್ಕು ಮೆಗಾಬಿಟ್ಟಿನ ಸ್ಮೃತಿಬಿಲ್ಲೆಯನ್ನು ಮಾರಾಟಕ್ಕೆ ತಂದಿತು. 2019ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಇತರ ಬಿಲ್ಲೆಗಳೊಳಗೆ ಇಂತಹ ಸ್ಮೃತಿಯನ್ನು ಅಳವಡಿಸಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಹಠಾತ್ತನೆ ವಿದ್ಯುತ್ತು ನಿಂತರೂ ಕೊನೆಯ ಅಂಕಿ ಕಳೆದುಹೋಗಬಾರದಂತಹ ಕಾರ್ಖಾನೆಯ ನಿಯಂತ್ರಕಗಳಲ್ಲಿ ಅವು ಕೆಲಸಮಾಡುತ್ತಿವೆ. ಮೇಜಿನ ಮೇಲಿನ ಗಣಕಯಂತ್ರದ ಮುಖ್ಯ ಸ್ಮೃತಿಕೋಶದಲ್ಲಿ ಮಾತ್ರ ಇಂದಿಗೂ ಸೋರುವ ಕೊಡಗಳೇ ಇವೆ. ಅಷ್ಟೊಂದು ಅಂಕಿಗಳನ್ನು ಅಷ್ಟು ಅಗ್ಗವಾಗಿ ಹಿಡಿದಿಡುವುದು ಸಂಧಿಗಳಿಗೆ ಇನ್ನೂ ಸಾಧ್ಯವಾಗಿಲ್ಲ.