ಖೋಟಾ ಸವರನ್ನಿನ ಪತ್ತೆ

ಬ್ರಿಟನ್ನಿನ ಸವರನ್ ಎಂಬ ಚಿನ್ನದ ನಾಣ್ಯವು ಒಂದು ಕಾಲದಲ್ಲಿ ಭಾರತದಲ್ಲಿಯೂ ಬಳಕೆಯಲ್ಲಿದ್ದಿತು. 1918ರಲ್ಲಿ ಮುಂಬಯಿಯಲ್ಲಿಯೇ ಸುಮಾರು 13 ಲಕ್ಷ ಸವರನ್ ನಾಣ್ಯಗಳನ್ನು ಟಂಕಿಸಲಾಯಿತು. ದಕ್ಷಿಣ ಭಾರತದ ಚಿನ್ನದಂಗಡಿಗಳಲ್ಲಿ ಎಂಟು ಗ್ರಾಂ ತೂಕಕ್ಕೆ ಇಂದಿಗೂ ಸವರನ್ ಎಂಬ ಹೆಸರುಂಟು. ಇಂತಹ ಹಳೆಯ ನಾಣ್ಯವೊಂದು ಕೈಗೆ ಬಂದಾಗ, ಕತ್ತರಿಸದೆ, ಕರಗಿಸದೆ, ಅದು ಅಸಲೋ ಖೋಟಾವೋ ಎಂದು ತಿಳಿಯುವುದು ಸಾಧ್ಯವೇ? ಭೌತವಿಜ್ಞಾನವು ಈ ಪ್ರಶ್ನೆಗೆ ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲದೆಂಬುದನ್ನು ನೋಡೋಣ.

ಅಕ್ಕಸಾಲಿಗರ ಹಳೆಯ ಸಾಧನವೆಂದರೆ ಒರೆಗಲ್ಲು. ನಾಣ್ಯವನ್ನು ಕಲ್ಲಿನ ಮೇಲೆ ಉಜ್ಜಿದಾಗ ಮೂಡುವ ಗೆರೆಗೆ ನೈಟ್ರಿಕ್ ಆಮ್ಲವನ್ನು ಸೋಕಿಸಿದರೆ, ಹಿತ್ತಾಳೆಯ ಗೆರೆ ಅಳಿಸಿಹೋಗುತ್ತದೆ. ಒಳ್ಳೆಯ ಚಿನ್ನದ ಗೆರೆ ನಿಲ್ಲುತ್ತದೆ. ಆದರೆ ಈ ಗೆರೆಯು ಹೊರಮೈಯ ವಿಷಯವನ್ನಷ್ಟೇ ಹೇಳುತ್ತದೆ. ಚಿನ್ನದ ಮುಲಾಮು ದಪ್ಪನಾಗಿದ್ದರೆ ಒಳಗಿನ ಲೋಹವು ಮರೆಯಾಗಿಯೇ ಉಳಿಯುತ್ತದೆ. ಈಗ ಬಳಕೆಗೆ ಬಂದಿರುವ ಕ್ಷ-ಕಿರಣ ಯಂತ್ರಕ್ಕೂ ಇದೇ ಮಿತಿಯುಂಟು. ಚಿನ್ನದಲ್ಲಿ ಅದು ಸುಮಾರು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಆಳವನ್ನು ಮಾತ್ರ ಕಾಣಬಲ್ಲದು.

ಒಳಗನ್ನೂ ಹೊರಗನ್ನೂ ಒಟ್ಟಿಗೆ ಪರೀಕ್ಷಿಸಲು ನೆರವಾಗುವ ಗುಣವೆಂದರೆ ಸಾಂದ್ರತೆ. ಸವರನ್ನಿನಲ್ಲಿ 11 ಪಾಲು ಚಿನ್ನಕ್ಕೆ 1 ಪಾಲು ತಾಮ್ರವಿರುತ್ತದೆ. ಚಿನ್ನವು ನೀರಿನ 19.3 ಪಟ್ಟು, ತಾಮ್ರವು 8.96 ಪಟ್ಟು ಸಾಂದ್ರವಾದುದರಿಂದ, ಈ ಮಿಶ್ರಲೋಹದ ಸಾಂದ್ರತೆ ಸುಮಾರು 17.6 ಎಂದು ಲೆಕ್ಕದಿಂದ ತಿಳಿಯುತ್ತದೆ. ನಾಣ್ಯದ ಪೂರ್ಣ ತೂಕ 7.988 ಗ್ರಾಂ. ಆರ್ಕಿಮಿಡೀಸನ ತತ್ತ್ವದಂತೆ ನೀರಿನಲ್ಲಿ ಅದು ಸುಮಾರು 0.454 ಗ್ರಾಂ ತೂಕವನ್ನು ಕಳೆದುಕೊಳ್ಳಬೇಕು. ಸೂಕ್ಷ್ಮ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ನಾಣ್ಯವನ್ನು ಸಣ್ಣ ದಾರದಿಂದ ತಳಕ್ಕೆ ತಾಗದಂತೆ ಮುಳುಗಿಸಿದರೆ, ತಕ್ಕಡಿಯಲ್ಲಿ ಇಷ್ಟೇ ತೂಕ ಹೆಚ್ಚಾಗಿ ಕಾಣುತ್ತದೆ. ಅದೇ ತೂಕದ ಹಿತ್ತಾಳೆಯ ಬಿಲ್ಲೆಯಾದರೆ ಇದು 0.9 ಗ್ರಾಂ ಮೀರುತ್ತದೆ, ಸೀಸವಾದರೆ 0.7 ಗ್ರಾಂ.

ಹಿತ್ತಾಳೆ, ಬೆಳ್ಳಿ, ಸೀಸ ಇವೆಲ್ಲವೂ 17.6ಕ್ಕಿಂತ ಕಡಮೆ ಸಾಂದ್ರತೆಯುಳ್ಳವು. ಅವುಗಳನ್ನು ಹೇಗೆ ಬೆರೆಸಿದರೂ ಆ ಅಂಕವನ್ನು ಮುಟ್ಟಲಾಗದು. ಆದರೆ ಅದಕ್ಕಿಂತ ಹೆಚ್ಚು ಸಾಂದ್ರವಾದ ಲೋಹ ಸಿಕ್ಕಿದರೆ? ಪ್ಲಾಟಿನಮ್ಮಿನ ಸಾಂದ್ರತೆ 21.4. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಚಿನ್ನಕ್ಕಿಂತ ಅಗ್ಗವಾಗಿದ್ದಾಗ, ಪ್ಲಾಟಿನಮ್ಮಿಗೆ ಚಿನ್ನದ ಮುಲಾಮು ಹಾಕಿದ ಖೋಟಾ ಸವರನ್‌ಗಳು ಹುಟ್ಟಿಕೊಂಡವು. ಪ್ಲಾಟಿನಮ್ಮಿಗೆ ತಕ್ಕಷ್ಟು ತಾಮ್ರವನ್ನು ಬೆರೆಸಿದರೆ ಸಾಂದ್ರತೆಯನ್ನು ಸರಿಯಾಗಿ 17.6ಕ್ಕೆ ಇಳಿಸಬಹುದು, ಆಗ ನೀರಿನ ಪರೀಕ್ಷೆಯು ಮೋಸಹೋಗುತ್ತದೆ. ಮುಲಾಮು ಸವೆದ ಅಂಚಿನಲ್ಲಿ ಇಣುಕುವ ಬಿಳಿಯ ಲೋಹವೇ ಇಂತಹ ನಾಣ್ಯದ ಗುಟ್ಟನ್ನು ಹೊರಗೆಡಹುತ್ತದೆ.

ಇದಕ್ಕಿಂತಲೂ ವಿಚಿತ್ರವಾದ ಖೋಟಾ ಒಂದುಂಟು. ಎರಡನೆಯ ಮಹಾಯುದ್ಧದ ಅನಂತರ ಸವರನ್ನಿಗೆ ಅದರೊಳಗಿನ ಚಿನ್ನಕ್ಕಿಂತ ಹೆಚ್ಚಿನ ಬೆಲೆ ಸಿಗುತ್ತಿದ್ದುದರಿಂದ, ಕೆಲವರು ಸರಿಯಾದ ಚಿನ್ನದಿಂದಲೇ ಖೋಟಾ ನಾಣ್ಯಗಳನ್ನು ತಯಾರಿಸಿದರು! 1957ರಲ್ಲಿ ಬ್ರಿಟನ್ನಿನ ಟಂಕಸಾಲೆಯು ಸವರನ್ ತಯಾರಿಕೆಯನ್ನು ಪುನಃ ಆರಂಭಿಸಿದುದಕ್ಕೆ ಈ ವ್ಯಾಪಾರವೂ ಒಂದು ಕಾರಣ. ಇಲ್ಲಿ ಒರೆಗಲ್ಲು, ತಕ್ಕಡಿ, ನೀರು ಎಲ್ಲವೂ ಒಂದೇ ದನಿಯಿಂದ "ಚಿನ್ನ" ಎನ್ನುತ್ತವೆ. ಆ ಮಾತು ನಿಜವೇ. ಆದರೆ ನಾಣ್ಯ ಮಾತ್ರ ಖೋಟಾ.

ಇಂತಹದನ್ನು ಹಿಡಿಯಲು ಭೂತಗನ್ನಡಿ ಬೇಕು. ಟಂಕಸಾಲೆಯ ಉಕ್ಕಿನ ಅಚ್ಚುಗಳ ನಡುವೆ ಬಲವಾಗಿ ಒತ್ತಿದ ನಾಣ್ಯದಲ್ಲಿ ಅಕ್ಷರಗಳ ಅಂಚು ಚೂಪಾಗಿ ನಿಲ್ಲುತ್ತದೆ. ಎರಕ ಹೊಯ್ದುದರಲ್ಲಿ ಅಂಚು ಮಂಕಾಗಿ, ಸೂಜಿಮೊನೆಯಂತಹ ಗುಳಿಗಳು ಕಾಣಬಹುದು. ಇಸವಿ ಮತ್ತು ಗುರುತುಗಳೂ ಸಾಕ್ಷಿ ಹೇಳುತ್ತವೆ. 1918ರ ಮುಂಬಯಿ ನಾಣ್ಯದಲ್ಲಿ ಇಸವಿಯ ಮೇಲ್ಗಡೆ 'ಐ' ಎಂಬ ಆಂಗ್ಲ ಅಕ್ಷರವುಂಟು. ಐದನೆಯ ಜಾರ್ಜ್ ದೊರೆಯ ಮುಖವುಳ್ಳ ನಾಣ್ಯದಲ್ಲಿ ಈ ಅಕ್ಷರದೊಡನೆ 1917 ಎಂದಿದ್ದರೆ ಅದು ಖೋಟಾ ಎಂದೇ ತಿಳಿಯಬೇಕು. ಏಕೆಂದರೆ ಆ ವರ್ಷ ಮುಂಬಯಿಯಲ್ಲಿ ಸವರನ್ ತಯಾರಾಗಲೇ ಇಲ್ಲ.

ಇದರಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದುದು ಇಷ್ಟು. ಪ್ರತಿಯೊಂದು ಪರೀಕ್ಷೆಯೂ ತನಗೆ ಹಾಕಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ತೂಕ ತಪ್ಪಿದರೆ ನಾಣ್ಯವನ್ನು ಶಂಕಿಸಲು ಅದೊಂದೇ ಸಾಕು. ತೂಕ ಸರಿಯಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕೆಂದಷ್ಟೇ ಅರ್ಥ.