ಮನೆ ಜಿಮ್ಮಿಗೆ ಎಂಥ ಬೆಲ್ಟ್?

ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿಯೊಂದರ 160 ಅಂಗಡಿಗಳು. ಅವು ಹರಡಿದ್ದು 30 ರಾಜ್ಯಗಳಲ್ಲಿ. ಅಲ್ಲಿ ಸರಕು ಎತ್ತಿಳಿಸುವ ಕೆಲಸದಲ್ಲಿದ್ದ 9,377 ಮಂದಿಯನ್ನು ಆ ದೇಶದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್‌ನ ಸಂಶೋಧಕರು ಮಾತನಾಡಿಸಿದರು. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಭಾರ ಎತ್ತಿದರೆ ಬೆನ್ನುನೋವು ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಕೆಲವು ಅಂಗಡಿಗಳಲ್ಲಿ ಬೆಲ್ಟ್ ಕಡ್ಡಾಯವಾಗಿತ್ತು, ಉಳಿದೆಡೆ ಇಷ್ಟವಿದ್ದವರು ಕಟ್ಟಿಕೊಳ್ಳುತ್ತಿದ್ದರು. 2000ದ ಡಿಸೆಂಬರಿನಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ದಿನವೂ ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಾಗಲಿ, ಬೆನ್ನಿನ ಪೆಟ್ಟಿಗೆ ಪರಿಹಾರ ಕೇಳಿದ ಪ್ರಕರಣಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ನೂರೈವತ್ತು, ಇನ್ನೂರು ಕಿಲೋ ಹೊರುವ ಪವರ್‌ಲಿಫ್ಟರುಗಳು ದಪ್ಪ ಚರ್ಮದ ಬೆಲ್ಟನ್ನು ಹಲ್ಲು ಕಚ್ಚಿ ಬಿಗಿದುಕೊಳ್ಳುವುದೇಕೆ? ಮನೆಯ ಮಹಡಿಯ ಮೇಲೆ ಒಂದು ಬಾರ್, ನಾಲ್ಕು ಪ್ಲೇಟ್ ಇಟ್ಟುಕೊಂಡು ಸ್ಕ್ವಾಟ್ ಮಾಡುವವರಿಗೂ ಅದು ಬೇಕೇ? ಬೆಲ್ಟ್ ನಿಜವಾಗಿ ಏನು ಮಾಡುತ್ತದೆ ಎಂದು ತಿಳಿದರೆ ಎಂಥದನ್ನು ಕೊಳ್ಳಬೇಕೆಂಬುದೂ ತಾನಾಗಿ ಹೊಳೆಯುತ್ತದೆ.

ಬೆಲ್ಟ್ ಬೆನ್ನಿಗೆ ಊರುಗೋಲಿನಂತೆ ನಿಲ್ಲುತ್ತದೆ ಎಂಬುದು ಹೆಚ್ಚಿನವರ ನಂಬಿಕೆ. ಆದರೆ ಅದರ ಮುಖ್ಯ ಕೆಲಸ ನಡೆಯುವುದು ಹೊಟ್ಟೆಯ ಕಡೆ. ಸೊಂಟದ ಭಾಗದಲ್ಲಿ ಬೆನ್ನುಮೂಳೆಗಿರುವುದು ಐದೇ ಕಶೇರುಗಳು. ಮೇಲೆ ಪಕ್ಕೆಲುಬಿನ ಗೂಡು, ಕೆಳಗೆ ಸೊಂಟದ ಮೂಳೆ, ನಡುವೆ ಮುಂಭಾಗದಲ್ಲಿ ಮೂಳೆಯೇ ಇಲ್ಲ. ಹೆಗಲ ಮೇಲೆ ಬಾರ್ ಕೂತಾಗ ಈ ನಡುಭಾಗ ಬಾಗದಂತೆ ನೋಡಿಕೊಳ್ಳಬೇಕಾದದ್ದು ಸ್ನಾಯುಗಳು. ಭಾರ ಎತ್ತುವವರು ಆಗ ಉಸಿರನ್ನು ಆಳವಾಗಿ ಎಳೆದು ಹಿಡಿಯುತ್ತಾರೆ. ವಪೆ ಕೆಳಕ್ಕಿಳಿಯುತ್ತದೆ, ಕಿಬ್ಬೊಟ್ಟೆಯ ತಳದ ಸ್ನಾಯುಗಳು ಕೆಳಗಿನಿಂದ ತಡೆಯುತ್ತವೆ, ಹೊಟ್ಟೆಯ ಗೋಡೆ ಸುತ್ತಲಿಂದ ಬಿಗಿಯುತ್ತದೆ. ಒಳಗಿನ ಒತ್ತಡ ಏರಿ ಇಡೀ ನಡು ಗಟ್ಟಿಯಾಗುತ್ತದೆ. ಮುಚ್ಚಿದ ಗಂಟಲಿಗೆದುರಾಗಿ ಹೀಗೆ ಉಸಿರು ಒತ್ತುವ ಕ್ರಮಕ್ಕೆ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ಮರಿಯಾ ವಾಲ್ಸಾಲ್ವಾ ಅವರ ಹೆಸರಿದೆ. 1723ರಲ್ಲಿ ತೀರಿಕೊಂಡ ಅವರು ಇಂಥದೇ ಉಪಾಯವನ್ನು ಹೇಳಿದ್ದು ಕಿವಿಯ ಚಿಕಿತ್ಸೆಗೆ.

ಬೆಲ್ಟ್ ಬರುವುದು ಇಲ್ಲಿ. ಸೈಕಲ್ ಟ್ಯೂಬನ್ನು ಹೊರಗೆ ತೆಗೆದು ಗಾಳಿ ಹೊಡೆದರೆ ಅದು ಸುಮ್ಮನೆ ಉಬ್ಬುತ್ತ ಹೋಗುತ್ತದೆ. ಟೈರಿನೊಳಗಿಟ್ಟು ಹೊಡೆದರೆ ಉಬ್ಬಲು ಜಾಗವಿಲ್ಲದೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಟ್ಟೆಗೆ ಬೆಲ್ಟು ಆ ಟೈರು.

ಇದು ಅಳತೆಗೆ ಸಿಕ್ಕಿದ ಸಂಗತಿ. ಡೆಡ್‌ಲಿಫ್ಟ್ ಮಾಡುವವರ ಹೊಟ್ಟೆಯೊಳಗಿನ ಒತ್ತಡವನ್ನು ಹಾರ್ಮನ್ ಮತ್ತು ಸಂಗಡಿಗರು 1989ರಲ್ಲಿ ಅಳೆದಾಗ, ಬೆಲ್ಟ್ ಕಟ್ಟಿದಾಗ ಒತ್ತಡ ಬೇಗ ಏರಿ ಹೆಚ್ಚು ಎತ್ತರಕ್ಕೆ ಹೋಗಿತ್ತು. 2001ರಲ್ಲಿ ಝಿಂಕ್ ಮತ್ತು ಸಂಗಡಿಗರು, ಒಬ್ಬರು ಒಮ್ಮೆಗೆ ಎತ್ತಬಲ್ಲ ಗರಿಷ್ಠ ತೂಕದ ಶೇ. 90ರಷ್ಟನ್ನು ಹೊರಿಸಿ ಸ್ಕ್ವಾಟ್ ಮಾಡಿಸಿದರು. ಬೆಲ್ಟ್ ಇದ್ದಾಗ ಬಾರ್ ವೇಗವಾಗಿ ಮೇಲೆದ್ದಿತು, ಸ್ನಾಯುಗಳ ಚಟುವಟಿಕೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೆಲ್ಟ್ ಕಟ್ಟಿದರೆ ಹೊಟ್ಟೆಯ ಸ್ನಾಯುಗಳು ಸೋಮಾರಿಯಾಗುತ್ತವೆ ಎಂಬ ಜಿಮ್ ಮಾತಿಗೆ ಆ ಪ್ರಯೋಗದಲ್ಲಿ ಪುಷ್ಟಿ ಸಿಗಲಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದ ಸುಳಿವು ಸಿಕ್ಕಿದ್ದು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರಿಗೆ, 2006ರಲ್ಲಿ. ಬಿರುಸಾದ ಬೆಲ್ಟನ್ನು ಬಿಗಿದು, ಎತ್ತುವ ಮುನ್ನ ಉಸಿರು ತುಂಬಿಕೊಂಡವರಲ್ಲಿ ಬೆನ್ನುಮೂಳೆಯ ಮೇಲೆ ಬೀಳುವ ಅದುಮು ಸುಮಾರು ಶೇ. 10ರಷ್ಟು ತಗ್ಗಿತು. ಉಸಿರು ತುಂಬಿಕೊಳ್ಳದಿದ್ದರೆ ಬೆಲ್ಟ್ ಇದ್ದೂ ಆ ಲಾಭವಿಲ್ಲ. ಅಂಗಡಿಯ ಕೆಲಸಗಾರರಿಗೂ ಪವರ್‌ಲಿಫ್ಟರುಗಳಿಗೂ ಇರುವ ಅಂತರ ಇದರಿಂದ ಅರ್ಥವಾಗುತ್ತದೆ. ಇಡೀ ದಿನ ಸೊಂಟಕ್ಕೆ ಸುತ್ತಿಕೊಂಡ ಪಟ್ಟಿಯೇ ಬೇರೆ, ಕೆಲವೇ ಸೆಕೆಂಡುಗಳ ಯತ್ನಕ್ಕಾಗಿ ಬಿಗಿದು, ಅದಕ್ಕೆದುರಾಗಿ ಹೊಟ್ಟೆಯನ್ನು ಒತ್ತಿ, ಮುಗಿದೊಡನೆ ಸಡಿಲಿಸುವ ಪಟ್ಟಿಯೇ ಬೇರೆ.

ಈಗ ಅಂಗಡಿಗೆ ಹೋಗೋಣ. ಮೊದಲು ಕಣ್ಣಿಗೆ ಬೀಳುವುದು ಹಿಂದೆ ಅಗಲ, ಮುಂದೆ ಕಿರಿದಾದ ಬೆಲ್ಟು. ಬೆನ್ನಿಗೆ ಭಾರಿ ಆಸರೆ ಎನಿಸುವ ರೂಪ. ಆದರೆ ಹೊಟ್ಟೆ ಒತ್ತುವುದು ಮುಂಭಾಗವನ್ನು, ಅಲ್ಲಿಯೇ ಪಟ್ಟಿ ಕಿರಿದಾದರೆ ಒತ್ತಲು ಗೋಡೆಯೇ ಕಡಿಮೆ. ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡುವವರಿಗೆ ಸುತ್ತಲೂ ಒಂದೇ ಅಗಲದ ಬೆಲ್ಟ್ ಮೇಲು. ಸ್ನ್ಯಾಚ್, ಕ್ಲೀನ್ ಆ್ಯಂಡ್ ಜರ್ಕ್ ಮಾಡುವವರ ಲೆಕ್ಕ ಬೇರೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 61 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 118, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು. ಇಂಥ ಎತ್ತುವಿಕೆಯಲ್ಲಿ ಬಾರ್ ಮೈಗೆ ಒತ್ತಿಕೊಂಡೇ ಮೇಲೇರುತ್ತದೆ, ದೇಹ ಪೂರ್ತಿ ಮಡಚಿ ಕೂರಬೇಕು. ಮುಂದೆ ಕಿರಿದಾದ ಅಥವಾ ಮೆತ್ತನೆಯ ಬೆಲ್ಟ್ ಅಲ್ಲಿ ಅನುಕೂಲ.

ಅಗಲ ಎಷ್ಟು? ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ 10 ಸೆಂಟಿಮೀಟರ್ ಅಗಲ, 13 ಮಿಲಿಮೀಟರ್ ದಪ್ಪದ ಮಿತಿ ಹಾಕಿದೆ. ಒಲಿಂಪಿಕ್ ಮಾದರಿಯ ವೇಟ್‌ಲಿಫ್ಟಿಂಗ್‌ನಲ್ಲಿ ಮಿತಿ 12 ಸೆಂಟಿಮೀಟರ್. ಮನೆಯಲ್ಲಿ ಮಾಡುವವರಿಗೆ ಈ ನಿಯಮಗಳ ಹಂಗಿಲ್ಲ, ಆದರೂ ನಾಲ್ಕು ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್, ಬಹುತೇಕರಿಗೆ ಒಗ್ಗುವ ಅಳತೆ. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಜಾಗ ಕಡಿಮೆ ಇರುವ ಗಿಡ್ಡ ಮುಂಡದವರಿಗೆ ಅದು ಎರಡೂ ಕಡೆ ಚುಚ್ಚುತ್ತದೆ, ಅವರು ಮೂರು ಇಂಚಿನದನ್ನು ನೋಡಬೇಕು.

ದಪ್ಪದ ವಿಷಯದಲ್ಲಿ ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ: 10 ಮತ್ತು 13 ಮಿಲಿಮೀಟರ್. 13ರದ್ದು ಹೆಚ್ಚು ಬಿರುಸು, ಮೈಗೆ ಹೊಂದಿಕೊಳ್ಳಲು ಹೆಚ್ಚು ಕಾಲ ಬೇಕು, ಆ ತನಕ ಅಂಚು ತಾಗಿ ಚರ್ಮ ಕೆಂಪಾಗುತ್ತದೆ. ಸ್ಪರ್ಧೆಗೆ ಇಳಿಯದವರಿಗೆ 10 ಧಾರಾಳ ಸಾಕು. ವೆಲ್ಕ್ರೋ ಅಂಟಿಸುವ ನೈಲಾನ್ ಬೆಲ್ಟ್ ಅಗ್ಗ, ಹಗುರ, ಬೆವರಿದರೆ ಒಗೆಯಬಹುದು. ಹಗುರ ತೂಕಕ್ಕೆ ಅದು ನಡೆಯುತ್ತದೆ. ಆದರೆ ಹೊಟ್ಟೆ ಜೋರಾಗಿ ಒತ್ತಿದಾಗ ಬಟ್ಟೆ ತುಸು ಹಿಗ್ಗುತ್ತದೆ, ವೆಲ್ಕ್ರೋ ಹಳತಾದಂತೆ ಹಿಡಿತ ಕಳೆದುಕೊಳ್ಳುತ್ತದೆ.

ಮನೆ ಜಿಮ್ಮಿನವರು ಹೆಚ್ಚು ಯೋಚಿಸಬೇಕಾದದ್ದು ಬಕಲ್ಲಿನ ಬಗ್ಗೆ. ಲಿವರ್ ಬೆಲ್ಟ್ ಒಂದೇ ತಟ್ಟಿಗೆ ಬಿಗಿದು ಒಂದೇ ತಟ್ಟಿಗೆ ಬಿಚ್ಚಿಕೊಳ್ಳುತ್ತದೆ, ಆ ಮಟ್ಟಿಗೆ ಸುಖ. ಆದರೆ ಸಾಮಾನ್ಯ ಲಿವರ್ ಬೆಲ್ಟಿನ ಅಳತೆ ಬದಲಿಸಲು ಸ್ಕ್ರೂಡ್ರೈವರ್ ಹಿಡಿದು ಸ್ಕ್ರೂ ಬಿಚ್ಚಬೇಕು. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಒಂದೇ ಬೆಲ್ಟ್ ಹಂಚಿಕೊಳ್ಳುವ ಮನೆಗೆ ಅದು ಹೇಳಿದ್ದಲ್ಲ. ಸ್ಕ್ವಾಟಿಗೆ ಬಿಗಿಯಾಗಿ ಕಟ್ಟಿ ಡೆಡ್‌ಲಿಫ್ಟಿಗೆ ಒಂದು ತೂತು ಸಡಿಲಿಸುವ ರೂಢಿಯೂ ಹಲವರಿಗಿದೆ. ಒಂಟಿ ಮುಳ್ಳಿನ ಮಾಮೂಲಿ ಬಕಲ್ ಇದಕ್ಕೆಲ್ಲ ಸಲೀಸು. ಜೋಡಿ ಮುಳ್ಳಿನದು ನೋಡಲು ಗಟ್ಟಿಮುಟ್ಟು, ಆದರೆ ಎರಡೂ ಮುಳ್ಳನ್ನು ಒಟ್ಟಿಗೆ ತೂತಿಗೆ ಸೇರಿಸುವುದು ರೇಜಿಗೆ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ತಾಪತ್ರಯವಿದೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಬೆವರಿದ ಬೆಲ್ಟನ್ನು ಸುತ್ತಿ ಚೀಲಕ್ಕೆ ತುರುಕದೆ, ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ನೇತುಹಾಕಿದರೆ ಚೆನ್ನಾಗಿ ಬಾಳುತ್ತದೆ.

ಕಟ್ಟುವ ಕ್ರಮವೂ ಸರಳ. ಬೆಲ್ಟ್ ಹೊಕ್ಕುಳಿನ ಆಸುಪಾಸಿನಲ್ಲಿರಲಿ. ಉಸಿರು ತುಂಬಿದಾಗ ಮುಂದೆ, ಪಕ್ಕಕ್ಕೆ, ಹಿಂದೆ ಎಲ್ಲ ಕಡೆಯೂ ಹೊಟ್ಟೆ ಬೆಲ್ಟಿಗೆ ಒತ್ತಬೇಕು. ಉಸಿರೇ ತುಂಬಲಾಗದಷ್ಟು ಬಿಗಿದರೆ ಉದ್ದೇಶವೇ ಕೆಟ್ಟಿತು. ತೋಳಿನ ವ್ಯಾಯಾಮಕ್ಕೆ, ಹಗುರ ಸೆಟ್ಟುಗಳಿಗೆ ಬೆಲ್ಟ್ ಬೇಡ. ಗರಿಷ್ಠದ ಶೇ. 80 ದಾಟಿದ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಿಗೆ ತೆಗೆದಿಟ್ಟುಕೊಂಡರೆ ಸಾಕು.

ಇನ್ನು ಎಚ್ಚರಿಕೆಯ ಮಾತು. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಕ್ಷಣಕಾಲ ಜಿಗಿಯುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ದೇಹದಾರ್ಢ್ಯ ಪಟುಗಳ ರಕ್ತನಾಳದಲ್ಲೇ ಒತ್ತಡ ಅಳೆದಾಗ, ಎರಡು ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250 ಕಂಡಿತು. ಒಬ್ಬರಲ್ಲಂತೂ ಅದು 480/350 ದಾಟಿತು. ಆರಾಮವಾಗಿ ಕೂತಾಗ ಇರಬೇಕಾದದ್ದು 120/80ರ ಆಸುಪಾಸು. ಬಿ.ಪಿ., ಹೃದ್ರೋಗ, ಹರ್ನಿಯಾ, ಗ್ಲಾಕೋಮಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬೆಲ್ಟ್ ಬಿಗಿಯಬಾರದು, ಉಸಿರು ಕಟ್ಟಿ ಭಾರ ಎತ್ತಲೂಬಾರದು.

ಮನೆಯಲ್ಲಿ ಎತ್ತುವವರು ಹೆಚ್ಚಾಗಿ ಒಬ್ಬರೇ ಇರುತ್ತಾರೆ. ಬಾರ್ ಹೊತ್ತು ಕೂತವರು ಏಳಲಾಗದಿದ್ದರೆ ಬೆಲ್ಟ್ ಬಂದು ಹಿಡಿಯುವುದಿಲ್ಲ, ರ‍್ಯಾಕಿನ ಅಡ್ಡಕಂಬಿ ಹಿಡಿಯುತ್ತದೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಅದು ರ‍್ಯಾಕಿಗೆ ಹೋಗಲಿ. ಬೆಲ್ಟಿಗೂ ಉಳಿದರೆ 10 ಮಿಲಿಮೀಟರ್ ದಪ್ಪದ, ನಾಲ್ಕು ಇಂಚು ಒಂದೇ ಅಗಲದ, ಒಂಟಿ ಮುಳ್ಳಿನ ಚರ್ಮದ ಬೆಲ್ಟ್ ಒಳ್ಳೆಯ ಆಯ್ಕೆ. ಆರ್ಡರ್ ಮಾಡುವ ಮುನ್ನ ಟೇಪು ತೆಗೆದುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ ನೋಡಿ. ಪ್ಯಾಂಟಿನ ಸೈಜು ಹೇಳಿ ತರಿಸಿದ ಬೆಲ್ಟ್ ಅನೇಕರಿಗೆ ಗಿಡ್ಡವಾಗುತ್ತದೆ.