ತಾನಾಗಿ ಬದಲಾಗುವ ಕಂಟೈನರ್: ಅಪ್‌ಡೇಟ್ ಯಾವಾಗ, ಸುದ್ದಿ ಯಾರಿಗೆ?

ಮೊಬೈಲ್ ಫೋನಿನ ಆ್ಯಪ್‌ಗಳು ರಾತ್ರೋರಾತ್ರಿ ತಾವಾಗಿಯೇ ಅಪ್‌ಡೇಟ್ ಆಗುವುದು ಈಗ ಯಾರ ಗಮನಕ್ಕೂ ಬಾರದಷ್ಟು ಸಾಮಾನ್ಯ. ಆದರೆ ಆ ಆ್ಯಪ್‌ಗಳ ಕೋರಿಕೆಗೆ ಉತ್ತರ ಕೊಡುವ ಸರ್ವರ್‌ಗಳಲ್ಲಿ ತಂತ್ರಾಂಶದ ದೊಡ್ಡ ಪಾಲು ‘ಕಂಟೈನರ್’ ಎಂಬ ಏರ್ಪಾಟಿನೊಳಗೆ ಓಡುತ್ತದೆ, ಮತ್ತು ಕಂಟೈನರ್‌ಗೆ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುವ ಗುಣವಿಲ್ಲ. ಎರಡು ವರ್ಷಗಳ ಹಿಂದೆ ಚಾಲೂ ಮಾಡಿದ ಕಂಟೈನರನ್ನು ಯಾರೂ ಮುಟ್ಟದಿದ್ದರೆ ಅದು ಅಂದಿನ ತಂತ್ರಾಂಶವನ್ನೇ, ಈ ನಡುವೆ ಬಯಲಾದ ಎಲ್ಲ ಭದ್ರತಾ ದೋಷಗಳ ಸಮೇತ, ಇಂದಿಗೂ ಓಡಿಸುತ್ತಿರುತ್ತದೆ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡ ಸಾಧನಗಳು ಎರಡು ಕೆಲಸ ಮಾಡುತ್ತವೆ: ಹೊಸ ಆವೃತ್ತಿ ಬಂದಿದೆಯೆಂದು ತಿಳಿಸುವುದು ಒಂದು, ಅದನ್ನು ತಂದು ಕೂರಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಗುಂಡಿಯೊತ್ತಿ ಮುಗಿಸಬಹುದೆಂಬ ಭಾವನೆಯೇ ಈ ಕ್ಷೇತ್ರದ ಬಹಳಷ್ಟು ತೊಂದರೆಗಳಿಗೆ ಮೂಲವಾಗಿದೆ.

ಒಂದು ಗಣಕದಲ್ಲಿ ಓಡುತ್ತಿರುವ ಕಾರ್ಯಕ್ರಮವನ್ನು, ಅದಕ್ಕೆ ಬೇಕಾದ ಕಡತಗಳ ಸಮೇತ, ಉಳಿದವುಗಳಿಂದ ಬೇರ್ಪಡಿಸಿ ಇಡುವ ವಿಧಾನಕ್ಕೆ ಕಂಟೈನರ್ ಎಂದು ಹೆಸರು. ಇದರ ಬೇರು 1979ರ ಯುನಿಕ್ಸ್‌ನಲ್ಲಿದ್ದ, ಕಾರ್ಯಕ್ರಮವೊಂದಕ್ಕೆ ಕಡತವ್ಯವಸ್ಥೆಯ ಒಂದು ಭಾಗವನ್ನಷ್ಟೇ ಕಾಣಿಸುವ ಸೌಲಭ್ಯದವರೆಗೂ ಹೋಗುತ್ತದೆ. ಗೂಗಲ್ ಎಂಜಿನಿಯರುಗಳು ರೂಪಿಸಿದ, ಪ್ರೊಸೆಸರ್ ಮತ್ತು ಮೆಮೊರಿಯ ಬಳಕೆಗೆ ಮಿತಿ ಹಾಕುವ ‘ಸಿ-ಗ್ರೂಪ್’ ವ್ಯವಸ್ಥೆ 2008ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿತು. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಕಂಪನಿಯ ಸಾಲೊಮನ್ ಹೈಕ್ಸ್ ಒಂದು ಪುಟ್ಟ ಪ್ರಾತ್ಯಕ್ಷಿಕೆಯ ಮೂಲಕ ಪರಿಚಯಿಸಿದ ‘ಡಾಕರ್’ ಈ ಚದುರಿದ ಸೌಲಭ್ಯಗಳನ್ನೆಲ್ಲ ಸಾಮಾನ್ಯ ಪ್ರೋಗ್ರಾಮರ್ ಕೈಗೆಟುಕುವಂತೆ ಒಟ್ಟುಗೂಡಿಸಿತು.

ಡಾಕರ್ ಬಳಕೆಗೆ ತಂದ ಪದಗಳಲ್ಲಿ ನಾಲ್ಕನ್ನು ತಿಳಿಯದೆ ಅಪ್‌ಡೇಟ್‌ನ ವಿಚಾರ ಮುಂದೆ ಸಾಗದು. ತಂತ್ರಾಂಶ ಮತ್ತು ಅದರ ಅವಲಂಬನೆಗಳನ್ನು ಪದರಪದರವಾಗಿ ಜೋಡಿಸಿ ಕಟ್ಟಿದ, ಒಮ್ಮೆ ಕಟ್ಟಿದ ಮೇಲೆ ಬದಲಾಗದ ಕಟ್ಟು ‘ಇಮೇಜ್’. ಇಮೇಜ್‌ಗಳನ್ನು ಸಂಗ್ರಹಿಸಿಟ್ಟು ಕೇಳಿದವರಿಗೆ ಒದಗಿಸುವ ಉಗ್ರಾಣ ‘ರಿಜಿಸ್ಟ್ರಿ’, ಇದರಲ್ಲಿ ಡಾಕರ್ ಹಬ್ ಹೆಚ್ಚು ಪರಿಚಿತ. ಇಮೇಜ್ ಆಧಾರದಲ್ಲಿ ಓಡುತ್ತಿರುವ ಜೀವಂತ ರೂಪವೇ ಕಂಟೈನರ್. ಕಂಟೈನರ್ ಅಳಿದರೂ ಉಳಿಯಬೇಕಾದ ದತ್ತಾಂಶವನ್ನು ಹೊರಗಡೆ ಇಡುವ ಜಾಗ ‘ವಾಲ್ಯೂಮ್’. ಕಂಟೈನರ್‌ಗೆ ಅಪ್‌ಡೇಟ್ ಮಾಡುವುದೆಂದರೆ ಮನೆಯ ದುರಸ್ತಿಯಲ್ಲ, ಸಾಮಾನೆಲ್ಲ ಹೊರಗಿಟ್ಟು ಮನೆಯನ್ನೇ ಕೆಡವಿ ಅದೇ ಅಳತೆಯಲ್ಲಿ ಹೊಸದು ಕಟ್ಟಿ ಸಾಮಾನನ್ನು ಮತ್ತೆ ಒಳಗಿಟ್ಟಂತೆ. ಹೊಸ ಇಮೇಜ್ ಇಳಿಸಿಕೊಂಡು, ಹಳೆಯ ಕಂಟೈನರನ್ನು ನಿಲ್ಲಿಸಿ ಅಳಿಸಿ, ಅದೇ ಹೆಸರು, ಅದೇ ಪೋರ್ಟ್, ಅದೇ ವಾಲ್ಯೂಮ್‌ಗಳೊಂದಿಗೆ ಹೊಸ ಕಂಟೈನರನ್ನು ಹುಟ್ಟಿಸುವುದೇ ಇಲ್ಲಿನ ಕ್ರಮ. ಯಂತ್ರಕ್ಕೆ ಒಪ್ಪಿಸಲು ಇದಕ್ಕಿಂತ ಹದವಾದ ಕೆಲಸ ಇನ್ನೊಂದಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ.

ಹೊಸ ಇಮೇಜ್ ಯಾವುದೆಂದು ಯಂತ್ರ ಗುರುತಿಸುವ ಬಗೆಯಲ್ಲಿಯೇ ಮೊದಲ ತೊಡಕಿದೆ. ಪ್ರತಿ ಇಮೇಜ್‌ಗೂ ಎರಡು ಬಗೆಯ ಗುರುತುಗಳಿರುತ್ತವೆ. ‘ಟ್ಯಾಗ್’ ಎಂಬುದು ಪ್ರಕಾಶಕರು ಅಂಟಿಸುವ ಚೀಟಿ. ಪೋಸ್ಟ್‌ಗ್ರೆಸ್ ದತ್ತಸಂಚಯದ ಇಮೇಜ್‌ಗೆ 16 ಎಂದೋ 16.4 ಎಂದೋ ‘ಲೇಟೆಸ್ಟ್’ ಎಂದೋ ಚೀಟಿ ಇರಬಹುದು, ಮತ್ತು ಅದೇ ಚೀಟಿಯನ್ನು ನಾಳೆ ಕಿತ್ತು ಬೇರೊಂದು ಇಮೇಜ್‌ಗೆ ಅಂಟಿಸಲೂಬಹುದು. ‘ಡೈಜೆಸ್ಟ್’ ಹಾಗಲ್ಲ, ಇಮೇಜ್‌ನ ವಿವರಪಟ್ಟಿಯಿಂದ ಗಣಿತದ ಸೂತ್ರದ ಮೂಲಕ ಪಡೆದ ಉದ್ದನೆಯ ಸಂಖ್ಯೆ ಅದಾದ್ದರಿಂದ, ಒಳಗಿನ ಒಂದಕ್ಷರ ಬದಲಾದರೂ ಡೈಜೆಸ್ಟ್ ಬದಲಾಗುತ್ತದೆ. ಲೇಟೆಸ್ಟ್ ಎಂಬ ಟ್ಯಾಗ್ ಇದ್ದ ಮಾತ್ರಕ್ಕೆ ಅದು ತೀರಾ ಇತ್ತೀಚಿನದೆಂಬ ಖಾತರಿಯೂ ಇಲ್ಲ. ಟ್ಯಾಗ್ ಹೇಳದಿದ್ದಾಗ ಡಾಕರ್ ತಾನಾಗಿ ಭಾವಿಸಿಕೊಳ್ಳುವ ಹೆಸರು ಅದು, ಅಷ್ಟೇ. ಚೀಟಿಯನ್ನು ನಂಬುವುದರ ಅಪಾಯ 2025ರ ಮಾರ್ಚ್‌ನಲ್ಲಿ ಪಕ್ಕದ ಕ್ಷೇತ್ರವೊಂದರಲ್ಲಿ ಸ್ಪಷ್ಟವಾಗಿ ಕಂಡಿತು. ಗಿಟ್‌ಹಬ್‌ನಲ್ಲಿ 23,000ಕ್ಕೂ ಹೆಚ್ಚು ಸಂಕೇತ ಭಂಡಾರಗಳು ಬಳಸುತ್ತಿದ್ದ ‘ಟಿಜೆ-ಆ್ಯಕ್ಷನ್ಸ್’ ಸರಣಿಯ ಸಾಧನವೊಂದರ ಹಳೆಯ ಟ್ಯಾಗ್‌ಗಳನ್ನೆಲ್ಲ ದಾಳಿಕೋರರು ತಮ್ಮ ಕೇಡಿನ ಸಂಕೇತದತ್ತ ತಿರುಗಿಸಿದ್ದರು. ಟ್ಯಾಗ್ ಬಿಟ್ಟು ಡೈಜೆಸ್ಟ್‌ನಂಥದೇ ಸಂಖ್ಯೆಯನ್ನು ನಮೂದಿಸಿಕೊಂಡಿದ್ದವರಿಗೆ ಆ ಕೇಡು ತಾಗಲಿಲ್ಲ.

ಮನೆಯಲ್ಲೇ ಸಣ್ಣ ಸರ್ವರ್ ಇಟ್ಟುಕೊಂಡು ಕುಟುಂಬದ ಫೋಟೋ, ಕಡತ, ಚಲನಚಿತ್ರಗಳನ್ನು ಅದರಲ್ಲಿ ಜೋಪಾನ ಮಾಡುವ ಹವ್ಯಾಸಿಗಳ ನಡುವೆ ಸ್ವಯಂಚಾಲಿತ ಅಪ್‌ಡೇಟ್‌ಗೆ ಬಹುಕಾಲ ಪರ್ಯಾಯ ಹೆಸರಾಗಿದ್ದುದು ‘ವಾಚ್‌ಟವರ್’. ಇದೂ ಒಂದು ಕಂಟೈನರ್ ಆಗಿಯೇ ಓಡುತ್ತದೆ. ವಿಶೇಷ ಸೂಚನೆ ಇಲ್ಲದಿದ್ದರೆ 24 ಗಂಟೆಗೊಮ್ಮೆ ಎದ್ದು, ಆ ಗಣಕದ ಪ್ರತಿ ಕಂಟೈನರ್‌ನ ಟ್ಯಾಗ್ ಈಗ ರಿಜಿಸ್ಟ್ರಿಯಲ್ಲಿ ಯಾವ ಡೈಜೆಸ್ಟನ್ನು ತೋರಿಸುತ್ತಿದೆಯೆಂದು ವಿಚಾರಿಸಿ, ತನ್ನಲ್ಲಿರುವುದಕ್ಕೂ ಅದಕ್ಕೂ ವ್ಯತ್ಯಾಸವಿದ್ದರೆ ಹೊಸದನ್ನು ಇಳಿಸಿಕೊಳ್ಳುತ್ತದೆ. ಬಳಿಕ ಹಳೆಯ ಕಂಟೈನರ್‌ಗೆ ನಿಲ್ಲುವಂತೆ ಸೂಚನೆ ಕೊಟ್ಟು 10 ಸೆಕೆಂಡು ಕಾದು, ಅಷ್ಟರಲ್ಲಿ ನಿಲ್ಲದಿದ್ದರೆ ಬಲವಂತವಾಗಿ ಮುಗಿಸಿ, ಹೊಸದನ್ನು ಅದೇ ಹೊಂದಾಣಿಕೆಗಳೊಂದಿಗೆ ಚಾಲೂ ಮಾಡುತ್ತದೆ. ವಿಚಾರಣೆಯನ್ನು ನಿಮಿಷನಿಮಿಷಕ್ಕೂ ನಡೆಸುವಂತೆ ಹೊಂದಿಸುವುದರಲ್ಲಿ ಜಾಣತನವಿಲ್ಲ. ಡಾಕರ್ ಹಬ್ 2020ರ ನವೆಂಬರ್‌ನಿಂದ, ಖಾತೆಯಿಲ್ಲದವರು 6 ಗಂಟೆಗಳಲ್ಲಿ 100 ಬಾರಿ ಮಾತ್ರ ಇಮೇಜ್ ಇಳಿಸಿಕೊಳ್ಳಬಹುದೆಂಬಂಥ ಮಿತಿಗಳನ್ನು ಜಾರಿಗೆ ತಂದಿದ್ದು, ಡೈಜೆಸ್ಟನ್ನಷ್ಟೇ ಕೇಳಿ ಹಿಂದಿರುಗುವ ಕ್ರಮವನ್ನು ಇಂಥ ಸಾಧನಗಳು ಅಳವಡಿಸಿಕೊಂಡಿರುವುದು ಆ ಮಿತಿಗೆ ಸಿಲುಕದಿರಲೆಂದೇ. ದಿನದ ಯಾವ ಹೊತ್ತಿಗೆ ಈ ಕೆಲಸ ನಡೆಯಬೇಕೆಂದು ನಿಗದಿಪಡಿಸುವವರು ಭಾರತದಲ್ಲಿ ಒಂದು ಸಣ್ಣ ವಿಷಯಕ್ಕೆ ಗಮನ ಕೊಡಬೇಕು. ಕಂಟೈನರ್‌ನೊಳಗಿನ ಗಡಿಯಾರ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಪ್ರಮಾಣಿತ ಸಮಯವನ್ನು ಅನುಸರಿಸುವುದರಿಂದ, ಬೆಳಗಿನ ಜಾವ 4 ಗಂಟೆಗೆಂದು ಬರೆದ ಕೆಲಸ ಇಲ್ಲಿ 9.30ಕ್ಕೆ, ಅಂದರೆ ಜನ ಕಚೇರಿಯಲ್ಲಿ ಕೂತು ಅದೇ ಸರ್ವರ್ ಬಳಸಲು ತೊಡಗುವ ಹೊತ್ತಿಗೆ, ಆರಂಭವಾಗುತ್ತದೆ. ಸಮಯವಲಯವನ್ನು ಏಷ್ಯಾ-ಕೋಲ್ಕತಾ ಎಂದು ಪ್ರತ್ಯೇಕವಾಗಿ ಸೂಚಿಸಿದರೆ ಈ ಎಡವಟ್ಟು ತಪ್ಪುತ್ತದೆ.

ಕೆಡವಿ ಕಟ್ಟುವ ಈ ಕ್ರಮ ಎಲ್ಲಿಯವರೆಗೆ ಸುರಕ್ಷಿತವೆಂಬ ಪ್ರಶ್ನೆಗೆ ಉತ್ತರವಿರುವುದು ಕಂಟೈನರ್‌ನಲ್ಲಿ ಅಲ್ಲ, ಹೊರಗಿಟ್ಟ ದತ್ತಾಂಶದಲ್ಲಿ. ಪೋಸ್ಟ್‌ಗ್ರೆಸ್‌ನ ಪ್ರಧಾನ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಮತ್ತು ಒಂದು ಪ್ರಧಾನ ಆವೃತ್ತಿ ಬರೆದಿಟ್ಟ ಕಡತಗಳನ್ನು ಮುಂದಿನದು ನೇರವಾಗಿ ಓದಲಾರದು. ಪ್ರತ್ಯೇಕ ಉಪಕರಣದಿಂದ ಅವನ್ನು ವರ್ಗಾಯಿಸಲೇಬೇಕು. ಲೇಟೆಸ್ಟ್ ಟ್ಯಾಗ್‌ನಲ್ಲಿ ಓಡುತ್ತಿರುವ ಪೋಸ್ಟ್‌ಗ್ರೆಸ್ ಕಂಟೈನರನ್ನು ವಾಚ್‌ಟವರ್ ಒಂದು ರಾತ್ರಿ ಬದಲಾಯಿಸಿದರೆ, ಹೊಸ ಕಂಟೈನರ್ ಹಳೆಯ ಕಡತಗಳನ್ನು ಕಂಡು, ಇವು ತನಗೆ ಹೊಂದುವುದಿಲ್ಲವೆಂದು ದಾಖಲಿಸಿ ನಿಂತುಬಿಡುತ್ತದೆ. ಇದು ಒಂದು ಲೆಕ್ಕಕ್ಕೆ ಒಳ್ಳೆಯ ಸೋಲು, ಏಕೆಂದರೆ ದತ್ತಾಂಶಕ್ಕೆ ಕೈ ಹಚ್ಚದೆ ನಿರಾಕರಿಸುವುದರಿಂದ ಹಳೆಯ ಟ್ಯಾಗ್‌ಗೆ ಮರಳಿದರೆ ಎಲ್ಲವೂ ಸರಿಹೋಗುತ್ತದೆ. ಕೆಟ್ಟ ಸೋಲು ಬರುವುದು, ಹೊಸ ಆವೃತ್ತಿ ಮೊದಲ ಬಾರಿ ಎದ್ದೊಡನೆ ದತ್ತಸಂಚಯದ ರಚನೆಯನ್ನು ತಾನೇ ಬದಲಿಸಿಕೊಂಡು ಮುಂದುವರಿಯುವ ತಂತ್ರಾಂಶಗಳಲ್ಲಿ. ಅಲ್ಲಿ ಇಮೇಜನ್ನು ಹಿಂದಕ್ಕೆ ತಂದರೂ ದತ್ತಾಂಶ ಹಿಂದಕ್ಕೆ ಬಾರದು, ಬ್ಯಾಕಪ್ ಒಂದೇ ದಾರಿ. ರೆಡ್ ಹ್ಯಾಟ್ ಪೋಷಣೆಯ ಪಾಡ್‌ಮ್ಯಾನ್ ಎಂಬ, ಡಾಕರ್‌ಗೆ ಪರ್ಯಾಯವಾದ ವ್ಯವಸ್ಥೆಯಲ್ಲಿ ಸ್ವಯಂ ಅಪ್‌ಡೇಟ್ ಸೌಲಭ್ಯ ಒಳಗೇ ಇದ್ದು, ಹೊಸ ಇಮೇಜ್‌ನಿಂದ ಸೇವೆ ಏಳದಿದ್ದರೆ ಹಳೆಯ ಇಮೇಜ್‌ಗೆ ತಾನಾಗಿ ಮರಳುತ್ತದೆ. ಅದು ಮೆಚ್ಚತಕ್ಕ ಏರ್ಪಾಟೇ, ಆದರೆ ಅದೂ ಹಿಂದಿರುಗಿಸುವುದು ಇಮೇಜನ್ನು ಮಾತ್ರ. ಡಿಸ್ಕ್ ತುಂಬದಿರಲೆಂದು ಹಳೆಯ ಇಮೇಜ್‌ಗಳನ್ನು ತಕ್ಷಣ ಅಳಿಸುವ ಆಯ್ಕೆಯನ್ನು ವಾಚ್‌ಟವರ್‌ನಲ್ಲಿ ಹಾಕಿಕೊಂಡವರಿಗೆ, ಆ ಸಣ್ಣ ಹಿಂದಾರಿಯೂ ಸಲೀಸಾಗಿ ಉಳಿದಿರುವುದಿಲ್ಲ.

ಹಾಗೆಂದು ಅಪ್‌ಡೇಟ್ ಮುಂದೂಡುವುದು ಸುರಕ್ಷಿತವೆಂದು ತಿಳಿಯುವಂತಿಲ್ಲ. ಅಮೆರಿಕದ ಸಾಲದ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ದೋಷಕ್ಕೆ 2017ರ ಮಾರ್ಚ್‌ನಲ್ಲಿಯೇ ಪರಿಹಾರ ಪ್ರಕಟವಾಗಿದ್ದರೂ ಅದನ್ನು ಅಳವಡಿಸದ ಕಾರಣ, ಮೇ ತಿಂಗಳಿಂದ ಜುಲೈವರೆಗೆ ನುಸುಳುಕೋರರು ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರಗಳನ್ನು ಕದ್ದರು. 2021ರ ಡಿಸೆಂಬರ್‌ನಲ್ಲಿ ಬಯಲಾದ ‘ಲಾಗ್‌ಫೋರ್‌ಶೆಲ್’ ದೋಷದ ವಿಷಯದಲ್ಲಂತೂ ದಾಳಿಗಳು ಶುರುವಾಗಲು ತಿಂಗಳುಗಳೇನೂ ಬೇಕಾಗಲಿಲ್ಲ. ತಡ ಮಾಡುವುದರಿಂದ ಅಪ್‌ಡೇಟ್ ಮಾಡುವ ಕೆಲಸವೇ ಕಠಿಣವಾಗುವುದೂ ಉಂಟು. ಕಡತ ಹಂಚಿಕೆಯ ನೆಕ್ಸ್ಟ್‌ಕ್ಲೌಡ್ ತಂತ್ರಾಂಶ ಪ್ರಧಾನ ಆವೃತ್ತಿಗಳನ್ನು ಒಂದೊಂದಾಗಿಯೇ ಏರಲು ಬಿಡುತ್ತದೆ. ನಡುವೆ ಒಂದನ್ನು ಹಾರಿ ಬಂದವರಿಗೆ ಅದರ ಕಂಟೈನರ್ ಏಳಲು ಒಪ್ಪುವುದಿಲ್ಲ.

ಹೀಗಾಗಿ ವಿವೇಕದ ಹೊಂದಾಣಿಕೆ ಕಂಟೈನರ್‌ನಿಂದ ಕಂಟೈನರ್‌ಗೆ ಬೇರೆಯಾಗಬೇಕಾಗುತ್ತದೆ. ದತ್ತಾಂಶವನ್ನೇ ಇಟ್ಟುಕೊಳ್ಳದ ಸೇವೆಗಳನ್ನು ಧೈರ್ಯವಾಗಿ ಯಂತ್ರಕ್ಕೆ ಬಿಡಬಹುದು. ದತ್ತಸಂಚಯಗಳಿಗೆ 16ರಂಥ ಪ್ರಧಾನ ಆವೃತ್ತಿಯ ಟ್ಯಾಗ್ ಕೊಟ್ಟರೆ, ಸಾಧನ ಹಿಂಬಾಲಿಸುವುದು ಆ ಚೀಟಿಯನ್ನಷ್ಟೇ ಆದ್ದರಿಂದ 16ರೊಳಗಿನ ದೋಷ ಪರಿಹಾರಗಳು ತಾನಾಗಿ ಬರುತ್ತವೆ, 17ಕ್ಕೆ ನೆಗೆತ ನಡೆಯುವುದಿಲ್ಲ. ಕುಟುಂಬದ ಫೋಟೋಗಳಿರುವಂಥ, ಕಳೆದರೆ ಮತ್ತೆ ಸಿಗದ ದತ್ತಾಂಶದ ಸೇವೆಗಳಿಗೆ ‘ನೋಡು, ಮುಟ್ಟಬೇಡ’ ಎಂಬ ಸೂಚನೆಯೇ ಸರಿ. ಕಂಟೈನರ್ ಮೇಲೆ ‘ಲೇಬಲ್’ ಎಂಬ ಗುರುತು ಹಚ್ಚಿ, ಲೇಬಲ್ ಇದ್ದವನ್ನು ಮಾತ್ರ ಬದಲಿಸುವಂತೆಯೂ, ಕೆಲವನ್ನು ಗಮನಿಸಿ ಸುದ್ದಿಯಷ್ಟೇ ಕೊಡುವಂತೆಯೂ ವಾಚ್‌ಟವರ್‌ಗೆ ಹೇಳಬಹುದು. ‘ಡಯೂನ್’ ಎಂಬ ಇನ್ನೊಂದು ಸಾಧನವಂತೂ ಸುದ್ದಿ ಕೊಡುವುದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ.

ಆ ಸುದ್ದಿ ಇ-ಮೇಲ್, ಟೆಲಿಗ್ರಾಂ, ಸ್ಲ್ಯಾಕ್, ಅಥವಾ ಸ್ವಂತ ಸರ್ವರ್‌ನಲ್ಲೇ ಓಡಿಸಬಹುದಾದ ಗಾಟಿಫೈ ಮೂಲಕ ತಲುಪಬಹುದು. ಟೆಲಿಗ್ರಾಂಗಾದರೆ ಒಂದು ಬಾಟ್ ಸೃಷ್ಟಿಸಿ, ಅದರ ಗುಪ್ತ ಟೋಕನ್ ಮತ್ತು ಸಂದೇಶ ಸೇರಬೇಕಾದ ಚಾಟ್‌ನ ಸಂಖ್ಯೆಯನ್ನು ಹೊಂದಾಣಿಕೆಯಲ್ಲಿ ಬರೆದರೆ ಸಾಕು. ಆ ಟೋಕನ್ ಪಾಸ್‌ವರ್ಡಿಗೆ ಸಮನಾದ್ದರಿಂದ ಅದಿರುವ ಕಡತವನ್ನು ಸಾರ್ವಜನಿಕ ಗಿಟ್‌ಹಬ್ ಭಂಡಾರಕ್ಕೆ ಏರಿಸಬಾರದು. ಸುದ್ದಿಯ ಪ್ರಮಾಣವೂ ಯೋಚಿಸತಕ್ಕದ್ದು. ಪ್ರತಿ ಪರಿಶೀಲನೆಗೂ ಸಂದೇಶ ಬಂದರೆ ವಾರದೊಳಗೆ ಆ ಚಾಟ್ ಮ್ಯೂಟ್ ಆಗುವುದು ಖಚಿತ; ಬದಲಾವಣೆಯಾದಾಗ ಅಥವಾ ವಿಫಲವಾದಾಗ ಮಾತ್ರ ಬಂದರೆ ಓದುವವರಿರುತ್ತಾರೆ. ಆದರೆ ಈ ಎರಡನೆಯ ಕ್ರಮಕ್ಕೂ ಒಂದು ದೋಷವಿದೆ: ಸಂದೇಶ ಬಾರದಿದ್ದರೆ ಹೊಸ ಆವೃತ್ತಿ ಇಲ್ಲವೆಂದೂ ಅರ್ಥವಾಗಬಹುದು, ಸಂದೇಶ ಕಳಿಸಬೇಕಾದ ಸಾಧನವೇ ನಿಂತಿದೆಯೆಂದೂ ಆಗಬಹುದು.

ಈ ಅನುಮಾನ ಕೇವಲ ತರ್ಕದ್ದಲ್ಲ. ವಾಚ್‌ಟವರ್‌ನ ಕೊನೆಯ ಆವೃತ್ತಿ 1.7.1 ಹೊರಬಂದದ್ದು 2023ರ ನವೆಂಬರ್‌ನಲ್ಲಿ. 2025ರ ನವೆಂಬರ್‌ನಲ್ಲಿ ಬಿಡುಗಡೆಯಾದ ಡಾಕರ್ ಎಂಜಿನ್ 29, ಹೊರಗಿನ ಸಾಧನಗಳು ತನ್ನೊಡನೆ ಮಾತಾಡುವ ಸಂವಾದ ಕ್ರಮದ ಹಳೆಯ ರೂಪಗಳನ್ನು ಕೈಬಿಟ್ಟು, ಕನಿಷ್ಠ 1.44ನೆಯ ರೂಪ ಬೇಕೆಂದು ವಿಧಿಸಿದಾಗ, 1.25ರಲ್ಲಿ ಮಾತು ಆರಂಭಿಸುತ್ತಿದ್ದ ವಾಚ್‌ಟವರ್‌ಗೆ ಬಾಗಿಲು ಮುಚ್ಚಿತು. ಉಳಿದವನ್ನು ಹೊಸದಾಗಿಡುತ್ತಿದ್ದ ಸಾಧನ ತಾನೇ ಹಳತಾಗಿ ನಿಂತಿತು. ಅದೇ ಡಿಸೆಂಬರ್‌ನಲ್ಲಿ ಮೂಲ ಯೋಜನೆಯನ್ನು ಅಧಿಕೃತವಾಗಿ ಮುಚ್ಚಲಾಯಿತು. ಅದರ ಸಂಕೇತದಿಂದ ಕವಲೊಡೆದ ಯೋಜನೆಗಳನ್ನು ಬೇರೆಯವರು ಮುಂದುವರಿಸುತ್ತಿದ್ದಾರೆ. ಇಂಥ ಕವಲನ್ನು ಆರಿಸುವವರು ಅದಕ್ಕೆ ಕೊಡುತ್ತಿರುವ ಅಧಿಕಾರವನ್ನು ಅರಿತಿರಬೇಕು: ಕಂಟೈನರ್‌ಗಳನ್ನು ಅಳಿಸಿ ಹುಟ್ಟಿಸಬೇಕಾದರೆ ಡಾಕರ್‌ನ ನಿಯಂತ್ರಣ ಸಾಕೆಟ್ ಅದರ ಕೈಯಲ್ಲಿರಬೇಕು, ಮತ್ತು ಆ ಸಾಕೆಟ್ ಯಾರ ಕೈಯಲ್ಲಿದೆಯೋ ಅವರಿಗೆ ಇಡೀ ಗಣಕದ ಮೇಲೆ ‘ರೂಟ್’, ಅಂದರೆ ಸರ್ವಾಧಿಕಾರ, ಸಿಕ್ಕಂತೆಯೇ ಲೆಕ್ಕ.

ವಾಚ್‌ಟವರ್‌ನ ಕೈಪಿಡಿಯೇ ತಾನು ಮನೆಯ ಸರ್ವರ್‌ಗಳಿಗೆ ತಕ್ಕದ್ದೆಂದೂ ವಾಣಿಜ್ಯ ಬಳಕೆಗೆ ಅಲ್ಲವೆಂದೂ ಹೇಳಿಕೊಂಡಿತ್ತು. ಕಂಪನಿಗಳಲ್ಲಿ ಕ್ರಮ ಬೇರೆ. ಯಾವ ಇಮೇಜ್‌ನ ಯಾವ ಡೈಜೆಸ್ಟ್ ಓಡಬೇಕೆಂಬುದು ಗಿಟ್ ಭಂಡಾರದ ಕಡತದಲ್ಲಿ ದಾಖಲಾಗಿರುತ್ತದೆ. ‘ರಿನೋವೇಟ್’ ಅಥವಾ ‘ಡಿಪೆಂಡಬಾಟ್’ನಂಥ ಸಾಧನ ಹೊಸ ಆವೃತ್ತಿ ಬಂದಾಗ ಆ ಸಾಲನ್ನು ತಿದ್ದುವ ಪ್ರಸ್ತಾವವನ್ನು ಮಂಡಿಸುತ್ತದೆ, ಪರೀಕ್ಷೆಗಳು ತಾವಾಗಿ ನಡೆಯುತ್ತವೆ, ಒಪ್ಪಿಗೆ ಕೊಡುವುದು ಮನುಷ್ಯ. ಹೊಸ ಆವೃತ್ತಿ ಪ್ರಕಟವಾಗಿ ಇಂತಿಷ್ಟು ದಿನ ಕಳೆಯುವವರೆಗೆ ಪ್ರಸ್ತಾವವನ್ನು ತಡೆಹಿಡಿಯುವಂತೆ ರಿನೋವೇಟ್‌ಗೆ ಹೇಳಲೂಬಹುದು, ಕೆಡುಕಿದ್ದರೆ ಅಷ್ಟರಲ್ಲಿ ಬೇರೆಯವರಿಗೆ ಗೊತ್ತಾಗಲೆಂದು. ಎಷ್ಟು ದಿನವೆಂಬುದಕ್ಕೆ ಮಾತ್ರ ಸೂತ್ರವಿಲ್ಲ. ಎಕ್ಸ್‌ಜಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಆವೃತ್ತಿಯಲ್ಲಿ ಅಡಗಿಸಿಟ್ಟ ಗುಪ್ತದ್ವಾರ 2024ರ ಫೆಬ್ರುವರಿ ಕೊನೆಯಲ್ಲಿ ಬಿಡುಗಡೆಯಾಗಿ, ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಸಂಶಯಪಟ್ಟು ಬೆನ್ನುಹತ್ತಿದ್ದರಿಂದ ಮಾರ್ಚ್ 29ಕ್ಕೆ, ಅಂದರೆ ಐದು ವಾರಗಳ ಬಳಿಕ, ಬಯಲಾಯಿತು. ಮೂರು ದಿನ ಕಾಯುವ ನಿಯಮದಿಂದ ಅಂದು ಯಾರಿಗೂ ಉಪಯೋಗವಾಗುತ್ತಿರಲಿಲ್ಲ. ನಿಧಾನವಾಗಿ ಬದಲಾಗುವ ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ತಳಪಾಯವಾಗಿಟ್ಟುಕೊಂಡ ಇಮೇಜ್‌ಗಳಿಗೆ ಆ ಎಕ್ಸ್‌ಜಡ್ ತಲುಪಿಯೇ ಇರಲಿಲ್ಲ.